ಎಲ್ಲರನ್ನೂ ಆಸ್ಟ್ರೇಲಿಯಾಕ್ಕೆ ಕಳಿಸಿದ ಮೇಡಂ

“ಮೇಡಂ ಹೋದ್ರು ಮಾರಾಯ್ತಿ,” ಎಂದಳು ಲವೀನಾ, ಅಡಿಲೇಡಿನಿಂದ.

ಬಹರೇನಿನಲ್ಲಿ ಇಷ್ಟು ವರ್ಷ ಕಳೆದವರಿಗೆ ‘ಹೋದರು’ ಎಂದರೆ ಸಾವು ಥಟ್ಟನೆ ನೆನಪಾಗುವುದಿಲ್ಲ. ಇಲ್ಲಿ ಎಲ್ಲರೂ ಹೋಗುವವರೇ. ಕೆಲಸ ಮುಗಿದವರು ಊರಿಗೆ ಹೋಗುತ್ತಾರೆ, ಅದೃಷ್ಟ ಕುದುರಿದವರು ಕೆನಡಾಕ್ಕೋ ಐರ್ಲೆಂಡಿಗೋ ಹೋಗುತ್ತಾರೆ. ಹಾಗಾಗಿ ನಾನು “ಎಲ್ಲಿಗೆ?” ಎಂದು ಕೇಳಿಬಿಟ್ಟೆ. ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಬಂತು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದ ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ.

ಅವರ ಹೆಸರನ್ನು ಬರೆಯುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದೇ ಇಲ್ಲ. ಕರೆಯಿರಿ ಎಂದು ಪ್ರತಿ ಹೊಸ ತಂಡಕ್ಕೂ ಮೊದಲ ದಿನವೇ ಹೇಳುತ್ತಿದ್ದರು. “ಆಸ್ಟ್ರೇಲಿಯಾದಲ್ಲಿ ದೊಡ್ಡ ಡಾಕ್ಟರನ್ನೂ ಹೆಸರಿನಿಂದಲೇ ಕರೆಯುತ್ತಾರೆ. ಈಗಿಂದಲೇ ಅಭ್ಯಾಸ ಮಾಡಿ. ನಾನು ಮೇಡಂ ಅಲ್ಲ.” ನಾವೆಲ್ಲ ಒಟ್ಟಿಗೆ “ಯೆಸ್ ಮೇಡಂ” ಎನ್ನುತ್ತಿದ್ದೆವು. ಅವರು ಕಣ್ಣು ಮುಚ್ಚಿ, ಕನ್ನಡಕದ ಚೌಕಟ್ಟಿಗೆ ಪೆನ್ನಿನಿಂದ ಎರಡು ಸಲ ಬಡಿದು, ಪಾಠ ಶುರು ಮಾಡುತ್ತಿದ್ದರು.

ಇಲ್ಲಿನ ಗುದೈಬಿಯಾ ಬಡಾವಣೆಯ ಒಂದು ಸಂದಿಯಲ್ಲಿ, ಚಹಾದಂಗಡಿಯ ಮೇಲಿನ ಮಹಡಿಯಲ್ಲಿತ್ತು ಆ ತರಬೇತಿ ಕೇಂದ್ರ. ನಮ್ಮಂಥ ನರ್ಸುಗಳಿಗೆ ಆಸ್ಟ್ರೇಲಿಯಾಕ್ಕೆ ಹೋಗಲು ಬೇಕಾದ ಇಂಗ್ಲಿಷ್ ಪರೀಕ್ಷೆಗೆ ಅಲ್ಲಿ ತಯಾರು ಮಾಡುತ್ತಿದ್ದರು. ಕಾರ್ಕಳದ ಲವೀನಾ ಮತ್ತು ಕುಂದಾಪುರದ ಕಡೆಯ ನಾನು ಒಂದೇ ಆಸ್ಪತ್ರೆಯವರು, ಒಂದೇ ದಿನ ಸೇರಿದವರು. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಹೆಂಗಸೊಬ್ಬಳು ಕಲಿಸುತ್ತಾಳೆ ಎಂದು ಕೇಳಿ, ಬೂಟು ಹಾಕಿಕೊಂಡ ಗತ್ತಿನ ಒಬ್ಬ ದೊರೆಸಾನಿಯನ್ನು ಕಲ್ಪಿಸಿಕೊಂಡು ಮೆಟ್ಟಿಲು ಹತ್ತಿದ್ದೆ. ಅಲ್ಲಿ ಇದ್ದದ್ದು ಹತ್ತಿಯ ಉದ್ದ ಫ್ರಾಕು ತೊಟ್ಟ, ಬಾತ್‌ರೂಮ್ ಚಪ್ಪಲಿಯಲ್ಲಿದ್ದ ತೆಳ್ಳಗಿನ ಮುದುಕಿ. ಕಾಗದದ ಲೋಟದ ಚಹಾದಲ್ಲಿ ಬನ್ಸ್ ಅದ್ದಿ ತಿನ್ನುತ್ತಿದ್ದರು. ನಮ್ಮ ಮಂಗಳೂರು ಬನ್ಸ್! ಯಾವಳೋ ಹಳೆಯ ಶಿಷ್ಯೆ ಹಚ್ಚಿದ ರುಚಿ.

ಅವರ ಪಾಠದ ಮುಖ್ಯ ಭಾಗ ನಾಟಕ. ಪರೀಕ್ಷೆಯಲ್ಲಿ ನರ್ಸ್ ರೋಗಿಯೊಡನೆ ಹೇಗೆ ಮಾತಾಡುತ್ತಾಳೆ ಎಂದು ನೋಡುತ್ತಾರೆ. ರೋಗಿಯ ಪಾತ್ರ ಯಾವಾಗಲೂ ಮೇಡಮ್ಮಿನದ್ದು. ಕಾಲಿಗೆ ಗಾಯವಾಗಿಯೂ ಆಸ್ಪತ್ರೆಯಲ್ಲಿ ಇರಲೊಪ್ಪದ ಸಿಡುಕಿನ ರೈತನಾಗುತ್ತಿದ್ದರು, ಬೆಂಚಿನ ಮೇಲೆ ಕಾಲು ಚಾಚಿ, “ನನ್ನ ಕುರಿ ಯಾರು ನೋಡುತ್ತಾರೆ? ನೀನಾ?” ಎಂದು ಗದರುತ್ತಿದ್ದರು. ಪುತ್ತೂರಿನ ಹುಡುಗಿಯೊಬ್ಬಳು ಒಮ್ಮೆ ಹೆದರಿ ಅತ್ತೇಬಿಟ್ಟಳು. ರೈತ ತಕ್ಷಣ ಎದ್ದು ಬಂದು ಅವಳ ಬೆನ್ನು ಸವರಿದ.

“ನೀವೆಲ್ಲ ಬೇಗ ಹೌದು ಎನ್ನುತ್ತೀರಿ, ಬೇಗ ಸಾರಿ ಎನ್ನುತ್ತೀರಿ,” ಎನ್ನುತ್ತಿದ್ದರು. “ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅನ್ನಿ. ಅಲ್ಲಿನವರು ಅದಕ್ಕೆ ಬೈಯುವುದಿಲ್ಲ. ಅರ್ಥವಾಗದೆ ತಲೆಯಾಡಿಸಿದರೆ ಬೈಯುತ್ತಾರೆ.”

ಆದರೆ ತಲೆಯಾಡಿಸುವುದು ಅವರಿಗೇ ಅಂಟಿಕೊಂಡಿತ್ತು. ಹೌದಕ್ಕೂ ಇರಬಹುದಕ್ಕೂ ನಡುವೆ ನಾವು ಅಡ್ಡಡ್ಡ ತೂಗುತ್ತೇವಲ್ಲ, ಹಾಗೆಯೇ ತೂಗುತ್ತಿದ್ದರು. ಬೇಕಾದಷ್ಟು ಬಡಿಸಿದ ಮೇಲೆ “ಸಾಕು, ಸಾಕು” ಎಂದು ನಮ್ಮ ಹಾಗೆಯೇ ಕೈ ಅಡ್ಡ ಹಿಡಿಯುತ್ತಿದ್ದರು. ಟ್ಯಾಕ್ಸಿಯವರೊಡನೆ ಹರುಕು ಹಿಂದಿ, ತರಕಾರಿಯವನೊಡನೆ ಅರಬ್ಬಿ.

ತಮಾಷೆಯೆಂದರೆ, ಅಷ್ಟು ಜನರನ್ನು ಆಸ್ಟ್ರೇಲಿಯಾಕ್ಕೆ ಕಳಿಸಿದ ಮೇಡಂ ಆ ದೇಶವನ್ನು ನೋಡಿಯೇ ಇರಲಿಲ್ಲ. ಮೊದಲು ಹೋದ ಶಿಷ್ಯೆಯರು ಫೋನಿನಲ್ಲಿ ಹೇಳಿದ್ದನ್ನೆಲ್ಲ ನೆನಪಿಟ್ಟುಕೊಂಡು, ಹಿಂದೆ ಹೋಗುವವರಿಗೆ ದಾಟಿಸುತ್ತಿದ್ದರು. ಜುಲೈ ಅಲ್ಲಿ ಚಳಿಗಾಲ, ಮನೆಯೊಳಗೇ ಹೊರಗಿಗಿಂತ ಹೆಚ್ಚು ಚಳಿ, ಒಳ್ಳೆಯ ಸ್ವೆಟರ್ ಕೈಚೀಲದಲ್ಲೇ ಇರಲಿ. ಬಿಸಿಲು ತಣ್ಣಗೆ ಕಂಡರೂ ಸುಡುತ್ತದೆ, ಗಲ್ಫಿನಲ್ಲಿ ಇದ್ದು ಬಂದವಳು ನನಗೇನು ಎಂದು ಬರಿತಲೆಯಲ್ಲಿ ತಿರುಗಬೇಡಿ. ಚಪ್ಪಲಿಯ ಅಡಿ ಉಜ್ಜಿ ತೊಳೆಯಿರಿ, ಬೇರೆ ದೇಶದ ಮಣ್ಣನ್ನು ಒಳಗೆ ಬಿಡುವುದಿಲ್ಲ. ಉಪ್ಪಿನಕಾಯಿ ಇದ್ದರೆ ಇದೆ ಎಂದು ನೀವೇ ಹೇಳಿ. ಹೇಳಿದರೆ ಹೆಚ್ಚೆಂದರೆ ಉಪ್ಪಿನಕಾಯಿ ಹೋಗುತ್ತದೆ, ಹೇಳದಿದ್ದರೆ ಮಾನವೂ ಹೋಗುತ್ತದೆ.

ಇನ್ನೊಂದು ಪಾಠಕ್ಕೆ ನಮ್ಮ ಲವೀನಾಳೇ ಕಾರಣ. ಅವಳು ನನಗಿಂತ ಮೊದಲೇ ಪಾಸಾಗಿ ಹೋದಳು. ಅಲ್ಲಿ ಹೊಸ ಸಹೋದ್ಯೋಗಿಯೊಬ್ಬಳು ಊಟಕ್ಕೆ ಕರೆದು, ಬರುವಾಗ ಒಂದು ಪ್ಲೇಟ್ ತಾ ಎಂದಳಂತೆ. ಪಾಪ, ಅವರ ಮನೆಯಲ್ಲಿ ಪಾತ್ರೆ ಕಮ್ಮಿಯಿರಬಹುದೆಂದು ಇವಳು ಒಂದಲ್ಲ, ನಾಲ್ಕು ಖಾಲಿ ತಟ್ಟೆ ಒರೆಸಿಕೊಂಡು ಹೋದಳು. ಪ್ಲೇಟ್ ತಾ ಎಂದರೆ ಅಲ್ಲಿ ಏನಾದರೂ ತಿಂಡಿ ಮಾಡಿಕೊಂಡು ಬಾ ಎಂದು! ಈ ಕತೆಯನ್ನು ಮೇಡಂ ಪ್ರತಿ ತಂಡಕ್ಕೂ ಹೇಳುತ್ತಿದ್ದರು. ಹೇಳಿ ಮುಗಿಸುವ ಮೊದಲೇ ತಾವೇ ನಕ್ಕು, ಕೆಮ್ಮಿ, ನೀರು ಕುಡಿಯುತ್ತಿದ್ದರು.

ನಾನು ಪಾಸಾಗಲಿಲ್ಲ. ಮಾತಿನಲ್ಲಿ ಅಂಕ ಬರುತ್ತಿತ್ತು, ಬರವಣಿಗೆಯಲ್ಲಿ ಪ್ರತಿ ಸಲವೂ ಕೂದಲೆಳೆಯಲ್ಲಿ ಹೋಗುತ್ತಿತ್ತು. ಕೊನೆಯ ಸಲ ಬಿದ್ದಾಗ ಮೇಡಂ ನನ್ನನ್ನು ಕೆಳಗಿನ ಚಹಾದಂಗಡಿಗೆ ಕರೆದುಕೊಂಡು ಹೋದರು. “ನೀನು ಯೋಚಿಸುತ್ತ ಬರೆಯುತ್ತೀ. ಅವರಿಗೆ ಯೋಚಿಸಿ ಮುಗಿಸಿದವರು ಬೇಕು,” ಎಂದರು. ಆಮೇಲೆ, “ಸ್ವಾರ್ಥ ಅಂದುಕೊಳ್ಳಬೇಡ. ಒಬ್ಬಳಾದರೂ ಉಳಿದಳಲ್ಲ ಎಂದು ನನಗೆ ಖುಷಿಯಾಗಿದೆ,” ಎಂದರು. ನಾನು ಅಳುತ್ತಿದ್ದವಳು ನಕ್ಕುಬಿಟ್ಟೆ.

ಆಮೇಲೆಯೇ ನಾವು ಹತ್ತಿರವಾದದ್ದು. ನನ್ನ ಗಂಡನಿಗೆ ಅಸ್ಕರಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಇಲ್ಲಿನ ವಾರದ ರಜೆಯ ದಿನವಾದ ಶುಕ್ರವಾರ ಅವರಿಗೂ ರಜೆ ಸಿಕ್ಕಿದಾಗಲೆಲ್ಲ ಮೇಡಂ ಉಮ್ ಅಲ್ ಹಸ್ಸಮ್‌ನ ನಮ್ಮ ಫ್ಲಾಟಿಗೆ ಊಟಕ್ಕೆ ಬರುತ್ತಿದ್ದರು. ಕುರ್ಚಿ ಬಿಟ್ಟು ನೆಲದ ಮೇಲೆಯೇ ಕೂರುತ್ತಿದ್ದರು. ಅದಕ್ಕಾಗಿ ಖರ್ಜೂರದ ಗರಿಯಿಂದ ಹೆಣೆದ ಒಂದು ಚಾಪೆ ತರುತ್ತಿದ್ದರು, ಮರಳಿ ಒಯ್ಯುತ್ತಿದ್ದರು. ಪಕ್ಕದ ಮನೆಯ ಬಹರೇನಿ ಅಜ್ಜಿಯೊಬ್ಬಳು ಹೆಣೆದು ಕೊಟ್ಟದ್ದಂತೆ, ಅಜ್ಜಿ ಈಗಿಲ್ಲ.

ತಮ್ಮ ಬದುಕಿನ ಬಗ್ಗೆ ಅವರು ಹೇಳಿದ್ದು ಕಡಿಮೆ. ಗಂಡನ ಕೆಲಸದ ಜೊತೆ ಚಿಕ್ಕ ಪ್ರಾಯದಲ್ಲಿ ಇಂಗ್ಲೆಂಡಿನಿಂದ ಬಂದವರು. ಆಗ ಅವರಿದ್ದದ್ದು ಎತ್ತರದ ಗೋಡೆಯೊಳಗಿನ, ಈಜುಕೊಳವಿದ್ದ ಬಿಳಿಯರ ವಸತಿಯಲ್ಲಿ. ಒಬ್ಬನೇ ಮಗ. ಹನ್ನೊಂದು ವರ್ಷಕ್ಕೆ ಅವನನ್ನು ಇಂಗ್ಲೆಂಡಿನ ಹಾಸ್ಟೆಲ್ ಶಾಲೆಗೆ ಕಳಿಸಿದರು. ಎಲ್ಲರೂ ಹಾಗೆಯೇ ಮಾಡುತ್ತಿದ್ದರಂತೆ. ಸ್ವಲ್ಪ ಕಾಲಕ್ಕೆ ಗಂಡ ಊರಿಗೆ ಹೊರಟ, ಇವರು ಹೊರಡಲಿಲ್ಲ. ಮದುವೆ ಮುರಿಯಿತು, ಮಗ ತಂದೆಯ ಕಡೆಯೇ ಬೆಳೆದ. ಈಗ ಅಡಿಲೇಡಿನಲ್ಲಿ ಇಂಜಿನಿಯರು. ಆ ಮೇಲೆಯೇ ಇವರು ಗುದೈಬಿಯಾದಲ್ಲಿ ಒಂದು ಕೋಣೆ ಹಿಡಿದು, ಈ ಕೆಲಸಕ್ಕೆ ಸೇರಿದ್ದು.

“ಮೇಡಂ, ಯಾಕೆ ಹೋಗಲಿಲ್ಲ?” ಎಂದು ನಾನು ಒಂದೇ ಒಂದು ಸಲ ಕೇಳಿದ್ದೇನೆ.

ಅವರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. “ಅವನು ಮನೆಗೆ ಹೊರಟೆ ಎಂದ. ನಾನು ಆಗಲೇ ಮನೆಯಲ್ಲಿದ್ದೆ,” ಎಂದರು. ಮತ್ತೆ ಅನ್ನ ಕಲಸುತ್ತ, ತಲೆಯೆತ್ತದೆ, “ಮಗನಿಗೆ ಇದನ್ನು ಹೇಗೆ ಹೇಳುವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಇಂಗ್ಲಿಷ್ ಕಲಿಸುವವಳು ನಾನು,” ಎಂದರು.

ಮಗ ವಾರಕ್ಕೊಮ್ಮೆ ವಿಡಿಯೋ ಕರೆ ಮಾಡುತ್ತಿದ್ದ. ನಮ್ಮ ಮನೆಯಲ್ಲಿರುವಾಗಲೂ ಒಂದೆರಡು ಸಲ ಬಂದಿತ್ತು. ಹವಾಮಾನ, ಆರೋಗ್ಯ, ಮೊಮ್ಮಗಳ ಈಜು. ಇಬ್ಬರೂ ತುಂಬ ಮರ್ಯಾದೆಯಿಂದ ಮಾತಾಡುತ್ತಿದ್ದರು. ಕರೆ ಮುಗಿದ ಮೇಲೆಯೂ ಮೇಡಂ ಫೋನನ್ನು ಅಂಗೈಯಲ್ಲೇ ಹಿಡಿದು ಕೂತಿರುತ್ತಿದ್ದರು. ನಾನು ಪಾತ್ರೆ ತೆಗೆಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.

ಪಾಠವೆಲ್ಲ ಆನ್‌ಲೈನ್ ಆಗುತ್ತ ಬಂದು, ತರಬೇತಿ ಕೇಂದ್ರಕ್ಕೆ ಜನ ಕಡಿಮೆಯಾದರು. ಕೊನೆಗೆ ಮಾಲೀಕರು ಬಾಗಿಲು ಹಾಕಿದರು. ಕೆಲಸ ಹೋದರೆ ಇಲ್ಲಿ ಇರುವ ಪರವಾನಗಿಯೂ ಹೋಗುತ್ತದೆ. ಇದು ನಮಗೆ ಹೊಸದಲ್ಲ, ಆದರೆ ಬಿಳಿಯರಿಗೂ ಹೀಗೆಯೇ ಎಂದು ನನ್ನ ಗಂಡನಿಗೆ ಅಷ್ಟರವರೆಗೆ ಹೊಳೆದಿರಲಿಲ್ಲ. “ಹೋಪುದ್ ನಾವಲ್ದಾ? ಇವ್ರೂ ಹೋಯ್ಕಾ?” ಎಂದು ಆಶ್ಚರ್ಯಪಟ್ಟರು. ಹೋಗಲಿಕ್ಕೂ ಇಂಗ್ಲೆಂಡಿನಲ್ಲಿ ಯಾರಿದ್ದಾರೆ? ಅಕ್ಕ ತೀರಿಕೊಂಡಿದ್ದಳು, ಮನೆ ಮಾರಿಹೋಗಿತ್ತು. “ಅಲ್ಲಿ ನನ್ನ ಮುಖ ನೋಡಿ ಬ್ರೆಡ್ ತೆಗೆದುಕೊಡುವ ಒಬ್ಬ ಅಂಗಡಿಯವನೂ ಇಲ್ಲ,” ಎಂದರು ಮೇಡಂ.

ಮಗ ಬಾ ಎಂದ. ಒಂದೇ ಮಾತಿನಲ್ಲಿ ಕರೆದ, ಹೆಂಡತಿಯಿಂದಲೂ ಕರೆಸಿದ. ಕಾಯಂ ವೀಸಾದ ಸಾಲು ನನ್ನ ಆಯುಸ್ಸಿಗಿಂತ ಉದ್ದ ಇದೆ ಎಂದು ಮೇಡಂ ನಕ್ಕರು. ಮಗ ಹೊಣೆ ನಿಂತು, ಕೆಲವು ವರ್ಷ ಇರಬಹುದಾದ ವೀಸಾ ಮಾಡಿಸಿದ. ಆ ಸುದ್ದಿ ಬಂದ ದಿನ ಅವರು ನಮ್ಮ ಮನೆಗೆ ನಡೆದೇ ಬಂದರು, ಬಿಸಿಲಿನಲ್ಲಿ, ಮುಖ ಕೆಂಪಗೆ ಮಾಡಿಕೊಂಡು. ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದು, “ಮಗನ ಮನೆಯಲ್ಲಿ ಬೆಳಿಗ್ಗೆ ಏಳುತ್ತೇನೆ. ಅವನು ಹಲ್ಲುಜ್ಜುವ ಸದ್ದು ಕೇಳಿಸುತ್ತದೆ,” ಎಂದರು. ಆಮೇಲೆ ಅಲ್ಲೇ ಕೂತು ಅತ್ತರು. ಅದು ಸಂತೋಷಕ್ಕೋ ಅಲ್ಲವೋ ನನಗೆ ಗೊತ್ತಾಗಲಿಲ್ಲ. ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಹೊರಡುವ ಮುಂಚಿನ ಶುಕ್ರವಾರ ಅವರ ಎರಡು ಸೂಟ್‌ಕೇಸ್ ನಮ್ಮ ಹಾಲ್‌ನಲ್ಲಿ ಬಾಯಿ ತೆರೆದು ಬಿದ್ದಿದ್ದವು. ಗೋಡೆಗೆ ಒರಗಿಸಿದ ಫೋನಿನಲ್ಲಿ ಲವೀನಾ, ಪುತ್ತೂರಿನವಳು, ಇನ್ನೂ ಇಬ್ಬರು ಹಳೆಯ ಶಿಷ್ಯೆಯರು ಚೌಕ ಚೌಕವಾಗಿ ಕಾಣುತ್ತಿದ್ದರು. ಈಗ ಪಾಠ ಅವರದ್ದು.

“ಮೇಡಂ, ಸ್ವೆಟರ್ ಕೈಚೀಲದಲ್ಲಿ ಹಾಕಿದ್ದೀರಾ?”

“ಹಾಕಿದ್ದೇನೆ.”

“ಟೊಪ್ಪಿ?”

“ಲವೀನಾ, ಇದನ್ನೆಲ್ಲ ನಿನಗೆ ಹೇಳಿಕೊಟ್ಟದ್ದು ಯಾರು?”

“ಮಾತ್ರೆಗೆಲ್ಲ ಡಾಕ್ಟರ ಚೀಟಿ ಜೊತೆಗೇ ಇಡಿ. ಮತ್ತೆ, ಮೇಡಂ, ನಮ್ಮ ಇಂಗ್ಲೆಂಡಿನಲ್ಲಿ ಹೀಗೆ, ಹಾಗೆ ಎಂದು ಮಾತ್ರ ಅಲ್ಲಿಯವರ ಹತ್ತಿರ ಹೇಳ್ಬೇಡಿ. ಅವರಿಗೆ ಆಗುವುದಿಲ್ಲ.”

“ನನಗೆ ಇಂಗ್ಲೆಂಡಿನ ಬಗ್ಗೆ ಏನು ಗೊತ್ತಿದೆ ಹೇಳಲಿಕ್ಕೆ?” ಎಂದರು ಮೇಡಂ.

ಆಗ ನಾನು ಆ ಚಾಪೆಯನ್ನು ಎತ್ತಿ ಫೋನಿಗೆ ತೋರಿಸಿದೆ. ನಾಲ್ಕೂ ಜನ ಒಟ್ಟಿಗೆ ಬೇಡ ಎಂದರು. ಗರಿ, ನಾರು, ಬೀಜ ಯಾವುದನ್ನೂ ಅಲ್ಲಿ ಸುಲಭದಲ್ಲಿ ಬಿಡುವುದಿಲ್ಲ. ಲವೀನಾ ಕನ್ನಡದಲ್ಲಿ ನನಗೆ, “ನೀನಾದ್ರೂ ಹೇಳು ಮಾರಾಯ್ತಿ, ಅಲ್ಲಿ ಕಿತ್ಕೊಂಡ್ರೆ ಪಾಪ ಬೇಜಾರ್ ಆಗ್ತದೆ ಅವರಿಗೆ,” ಎಂದಳು. ಮೇಡಂ ಚಾಪೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಸುರುಳಿ ಸುತ್ತಿ, ಸೂಟ್‌ಕೇಸಿನ ಎಲ್ಲಕ್ಕಿಂತ ಮೇಲೆ ಇಟ್ಟರು. “ಅಡಗಿಸುವುದಿಲ್ಲ. ತೋರಿಸಿ ಕೇಳುತ್ತೇನೆ.”

ತೋರಿಸಿಯೇ ಕೇಳಿದರು. ಅಡಿಲೇಡ್ ವಿಮಾನ ನಿಲ್ದಾಣದ ತಪಾಸಣೆಯ ಹುಡುಗ ಟಾರ್ಚ್ ಹಾಕಿ ಹೆಣಿಗೆಯ ಸಂದುಗಳನ್ನೆಲ್ಲ ನೋಡಿ, ಒಂದು ಹುಳದ ತೂತು ಕಂಡು, ತೆಗೆದಿಟ್ಟುಕೊಂಡನಂತೆ. “ಎಷ್ಟು ಒಳ್ಳೆಯ ಹುಡುಗ ಎಂದರೆ ಜಗಳ ಮಾಡಲಿಕ್ಕೂ ಆಗಲಿಲ್ಲ,” ಎಂದರು ಮೇಡಂ ಮೊದಲ ಕರೆಯಲ್ಲಿ. ಹೊರಗೆ ಕಾಯುತ್ತಿದ್ದ ಮಗ, ಚಾಪೆ ತಾನೇ ಅಮ್ಮ, ಹೊಸತು ಕೊಂಡರಾಯಿತು ಎಂದನಂತೆ. ಇದನ್ನು ಅವರು ದೂರಿನಂತೆ ಹೇಳಲಿಲ್ಲ. ಮಗ ಒಳ್ಳೆಯವನು, ಸೊಸೆ ಒಳ್ಳೆಯವಳು, ಹಿತ್ತಲಿನಲ್ಲಿ ನಿಂಬೆ ಮರ ಇದೆ, ಗಿಳಿಗಳು ಬರುತ್ತವೆ. ಬೆಳಿಗ್ಗೆ ಹಲ್ಲುಜ್ಜುವ ಸದ್ದು ಕೇಳಿಸುತ್ತದೆ.

ಆದರೆ ತಿಂಗಳುಗಳು ಹೋದಂತೆ ಬೇರೆ ಮಾತುಗಳೂ ಬರತೊಡಗಿದವು. ಶುಕ್ರವಾರ ಬಂದರೆ ಎಲ್ಲರೂ ಕೆಲಸಕ್ಕೆ ಹೋಗಿಬಿಡುತ್ತಾರೆ, ನನಗೊಬ್ಬಳಿಗೇ ರಜೆ ಎನ್ನುತ್ತಿದ್ದರು. “ನಾನು ಯಾವ ದೇವರನ್ನೂ ನಂಬಿದವಳಲ್ಲ. ಆದರೆ ಮಸೀದಿಯ ಬಾಂಗ್ ಕೇಳದೆ ದಿನ ಎಲ್ಲಿಗೆ ಬಂತೆಂದೇ ತಿಳಿಯುವುದಿಲ್ಲ,” ಎನ್ನುತ್ತಿದ್ದರು. ಒಮ್ಮೆ ಹೇಳಿದರು: “ಇಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ನನ್ನ ಮಾತು ಕೇಳಿದ ಕೂಡಲೇ ಇಂಗ್ಲೆಂಡಿನವಳು ಎಂದು ಅವರೇ ನಿರ್ಧರಿಸುತ್ತಾರೆ. ಬಹರೇನಿನಿಂದ ಬಂದವಳು ಎಂದರೆ ನಗುತ್ತಾರೆ.”

ಲವೀನಾ ಹದಿನೈದು ದಿನಕ್ಕೊಮ್ಮೆಯಾದರೂ ಬನ್ಸ್ ಮಾಡಿಕೊಂಡು ಹೋಗುತ್ತಿದ್ದಳು. ಅವಳ ಕಾರಿನ ಸದ್ದು ಕೇಳಿದರೆ ಗೇಟಿನವರೆಗೆ ಬರುತ್ತಿದ್ದರಂತೆ. ಒಳಗೆ ಕೂತು ಇಬ್ಬರೂ ಬಹರೇನಿನ ಸಂದಿಗೊಂದಿ ಮಾತಾಡುತ್ತಿದ್ದರೆ, ಮಗ ಪಕ್ಕದ ಕೋಣೆಯಲ್ಲಿ ಟಿವಿಯ ಸದ್ದು ಸಣ್ಣಗೆ ಮಾಡುತ್ತಿದ್ದನಂತೆ. ಕೇಳಿಸಿಕೊಳ್ಳಲಿಕ್ಕೆ ಎಂದು ಲವೀನಾಳ ಊಹೆ. ಬಂದು ಕೂರುತ್ತಿರಲಿಲ್ಲ.

ಎರಡನೆಯ ಚಳಿಗಾಲದಲ್ಲಿ ಮೇಡಮ್ಮಿಗೆ ಪಾರ್ಶ್ವವಾಯು ಬಡಿಯಿತು. ಸೇರಿಸಿದ್ದು ಲವೀನಾ ಇರುವ ಆಸ್ಪತ್ರೆಗೇ, ಬೇರೆ ವಾರ್ಡಿಗೆ. ಡ್ಯೂಟಿ ಮುಗಿದ ಮೇಲೆ ಅವಳು ಹೋಗಿ ಕೂರುತ್ತಿದ್ದಳು. ನಾಲಿಗೆ ಸ್ವಲ್ಪ ತೊದಲುತ್ತಿತ್ತು, ನೆನಪು ಹೋಗಿ ಬಂದು ಮಾಡುತ್ತಿತ್ತು. ಒಂದೇ ಹಟ, ಮನೆಗೆ ಹೋಗಬೇಕು. ಮಗ ಎಲ್ಲಿಂದಲೋ ಹುಡುಕಿ, ಅಮ್ಮ ಹುಟ್ಟಿದ ಇಂಗ್ಲೆಂಡಿನ ಊರಿನ ಹಳೆಯ ಫೋಟೋಗಳನ್ನು ತಂದು ತೋರಿಸಿದ. ಅವರು ಒಂದೊಂದನ್ನೂ ನೋಡಿ, ಚೆನ್ನಾಗಿದೆ ಎಂದು ಮರ್ಯಾದೆಯಿಂದ ಹಿಂದಕ್ಕೆ ಕೊಟ್ಟರು. ಆಮೇಲೆ ಲವೀನಾಳತ್ತ ತಿರುಗಿ, ಒಂದು ಟ್ಯಾಕ್ಸಿ ಕರೆ ಎಂದರು. ಸಿಗ್ನಲ್ ಹತ್ತಿರ ಇಳಿಸಿದರೆ ಸಾಕು, ಗುದೈಬಿಯಾದೊಳಗೆ ಟ್ಯಾಕ್ಸಿ ತಿರುಗಿಸಲಿಕ್ಕೆ ಕಷ್ಟ, ನಾನು ನಡೆದು ಹೋಗುತ್ತೇನೆ.

“ಗುದೈಬಿಯಾ ಅಂದರೇನು?” ಎಂದು ಮಗ ಕೇಳಿದ. ಬಹರೇನಿನಲ್ಲಿ ಹನ್ನೊಂದು ವರ್ಷ ಬೆಳೆದವನಿಗೆ ಆ ಹೆಸರು ಗೊತ್ತಿರಲಿಲ್ಲ. ಅವನು ನೋಡಿದ ಬಹರೇನ್ ಈಜುಕೊಳದ್ದು.

ಅದಾಗಿ ವಾರದೊಳಗೆ ಲವೀನಾಳ ಆ ಫೋನು ಬಂತು.

ಮೇಡಮ್ಮಿನ ಮಗ ನನ್ನನ್ನು ಹುಡುಕಿಕೊಂಡು ಬರುತ್ತಾನೆಂದು ನಾನು ಎಣಿಸಿರಲಿಲ್ಲ. ಆದರೆ ಇಲ್ಲಿ ಸೆಕೆ ಇಳಿದ ಮೇಲೆ, ಇಂಗ್ಲೆಂಡಿಗೆ ಹೋಗುವ ದಾರಿಯಲ್ಲಿ ಒಂದು ದಿನ ಇಳಿದುಕೊಂಡ. ಎತ್ತರದ ಆಳು, ಕಿವಿಯ ಹತ್ತಿರ ನರೆ. ಕೈಕುಲುಕಿ, “ಅವಳು ಇದ್ದ ಜಾಗ ತೋರಿಸುತ್ತೀರಾ?” ಎಂದ.

ನಾವು ಸಿಗ್ನಲ್ ಹತ್ತಿರ ಇಳಿದು ನಡೆದೆವು. ಮೇಲೆ ಒಣಹಾಕಿದ ಲುಂಗಿ, ಅಂಗಿಗಳು, ಗೋಡೆಗಳಲ್ಲಿ ನೀರು ತೊಟ್ಟಿಕ್ಕುವ ಏಸಿಗಳು, ಮೀನು ಹುರಿಯುವ ವಾಸನೆ, ಮೊಬೈಲಿನಲ್ಲಿ ಊರಿಗೆ ಮಾತಾಡುತ್ತ ನಿಂತ ಹುಡುಗರು. ಅವರ ಕೋಣೆಯ ಮೆಟ್ಟಿಲು ಹತ್ತಿದೆವು. ಬಾಗಿಲ ಹೊರಗೆ ಯಾರದೋ ಬೂಟುಗಳ ರಾಶಿ. ಈಗ ಅಲ್ಲಿ ಕೆಲಸದ ಹುಡುಗರಿದ್ದಾರೆ. ಆತ ಬಾಗಿಲು ತಟ್ಟಲಿಲ್ಲ. ಆ ಬೂಟುಗಳನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದು ಕೆಳಗಿಳಿದ.

ಬೀದಿಗೆ ಬಂದು ಆ ಕೊನೆಯಿಂದ ಈ ಕೊನೆಗೆ ಕಣ್ಣು ಹಾಯಿಸಿ, “ಇಷ್ಟೇನಾ?” ಎಂದ.

ಅದರಲ್ಲಿ ತಾತ್ಸಾರ ಇರಲಿಲ್ಲ. ತನ್ನನ್ನು ಬಿಟ್ಟು ಅಮ್ಮ ಆರಿಸಿಕೊಂಡದ್ದು ಏನನ್ನು ಎಂದು ಮೂವತ್ತು ವರ್ಷ ಕೇಳಿಕೊಂಡು ಬಂದವನ ಪ್ರಶ್ನೆ ಅದು. “ಇಷ್ಟೇ,” ಎಂದೆ.

ಕೆಳಗಡೆ ಮೂಲೆಯಲ್ಲಿ ಹೈದರಾಬಾದಿನ ಮುದುಕ ದರ್ಜಿಯೊಬ್ಬನಿದ್ದಾನೆ, ಮೇಡಮ್ಮಿನ ಫ್ರಾಕುಗಳನ್ನೆಲ್ಲ ಹೊಲಿಯುತ್ತಿದ್ದವನು. ನನ್ನನ್ನು ಕಂಡು ಮೆಷಿನ್ ನಿಲ್ಲಿಸಿದ. ನನ್ನ ಜೊತೆಗಿದ್ದವನನ್ನು ಕನ್ನಡಕದ ಮೇಲಿನಿಂದ ನೋಡಿ, “ಬೇಟಾ ಹೈ ನಾ? ನಾಕ್ ವಹೀ ಹೈ,” ಎಂದ. ಹೌದು, ಮೂಗು ಅದೇ. ನನಗೆ ಹೊಳೆದಿರಲಿಲ್ಲ. ಮೇಡಂ ತೀರಿಕೊಂಡರು ಎಂದೆ. ಅವನು ಎದ್ದು ನಿಂತ, ಅಂಗೈಗಳನ್ನು ಮುಖಕ್ಕೆ ಸವರಿಕೊಂಡ, ಕತ್ತರಿಸಿಟ್ಟ ಬಟ್ಟೆಗಳನ್ನು ಸರಿಸಿ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟ. ಚಹಾ ತರಿಸಿದ. ಆಮೇಲೆ ನನ್ನೊಡನಲ್ಲ, ನೇರವಾಗಿ ಮಗನೊಡನೆಯೇ ಹಿಂದಿಯಲ್ಲಿ ಮಾತಾಡತೊಡಗಿದ. ಅರ್ಥವಾಗುವುದಿಲ್ಲವೆಂಬುದು ಅವನ ಲಕ್ಷ್ಯದಲ್ಲೇ ಇರಲಿಲ್ಲ.

“ಏನು ಹೇಳುತ್ತಿದ್ದಾನೆ?” ಎಂದ ಆತ.

ನಾನು ಹೇಳಿದೆ: “ಅಳತೆ ಕೊಡಲಿಕ್ಕೆ ಬಂದಾಗಲೆಲ್ಲ ನಿಮ್ಮ ಅಮ್ಮ ಹೇಳುತ್ತಿದ್ದರಂತೆ, ಇದು ಇಲ್ಲಿ ಹೊಲಿಸುವ ಕೊನೆಯ ಫ್ರಾಕು, ಮುಂದಿನ ವರ್ಷ ಮಗನ ಹತ್ತಿರ ಹೋಗುತ್ತೇನೆ ಎಂದು. ಪ್ರತಿ ವರ್ಷವೂ ಹೇಳುತ್ತಿದ್ದರಂತೆ. ನಿಮಗೆ ಯಾವ ಬಣ್ಣ ಇಷ್ಟ ಎಂದು ಅವನಿಗೂ ಗೊತ್ತಂತೆ. ನೀಲಿ.”

ಆತ ಚಹಾದ ಲೋಟವನ್ನು ಎರಡೂ ಕೈಗಳಿಂದ ಹಿಡಿದು, ತಲೆ ತಗ್ಗಿಸಿ ಕೂತ. ದರ್ಜಿ ಅವನನ್ನು ಅವನ ಪಾಡಿಗೆ ಬಿಟ್ಟು ಮತ್ತೆ ಹೊಲಿಗೆಗೆ ಕೂತ. ಹೊರಗೆ ದೀಪಗಳು ಹೊತ್ತಿಕೊಂಡವು, ಮಸೀದಿಯಿಂದ ಬಾಂಗ್ ಕೇಳಿತು, ಕೆಲಸ ಬಿಟ್ಟ ಜನ ಬೀದಿ ತುಂಬ ಬರತೊಡಗಿದರು. ನಾನು ಗಡಿಯಾರ ನೋಡಿ, ವಿಮಾನಕ್ಕೆ ಹೊರಡುವ ಹೊತ್ತಾಯಿತು ಎಂದು ನೆನಪಿಸಿದೆ.

“ಹೌದು,” ಎಂದ ಆತ. ಏಳಲಿಲ್ಲ. ಖಾಲಿ ಲೋಟವನ್ನು ನನ್ನತ್ತ ಚಾಚಿ, “ಇನ್ನೊಂದು ಸಿಗಬಹುದೇ, ಕೇಳುತ್ತೀರಾ?” ಎಂದ.